ಕಣ್ಣೊಳಗೆ ನಿಂತ ಹೆಂಗಸು

ಸತ್ತವರ ಫೋಟೋಗೆ ಕಣ್ಣು ಬಿಡಿಸಿಕೊಡುವ ಕೆಲಸ ನಮ್ಮ ಕಡೆ ಸ್ಟುಡಿಯೋದವರಿಗೆ ಹೊಸದೇನಲ್ಲ. ಹಳ್ಳಿ ಕಡೆ ಎಷ್ಟೋ ಜನ ಬದುಕಿರುವಷ್ಟು ದಿನ ಒಂದು ಫೋಟೋ ತೆಗೆಸಿಕೊಂಡಿರುವುದಿಲ್ಲ. ಹೋದಮೇಲೆ ಗೋಡೆಗೆ ಒರಗಿಸಿ ಕೂರಿಸಿ ತೆಗೆದದ್ದೇ ಮೊದಲನೆಯದು, ಅದೇ ಕೊನೆಯದು. ಹನ್ನೊಂದನೇ ದಿನದ ಕಾರ್ಯಕ್ಕೆ ಹಾರ ಹಾಕಲು ಅದೇ ಬೇಕು, ಆದರೆ ಕಣ್ಣು ಮುಚ್ಚಿರಬಾರದು. ಹಿಂದೆಲ್ಲ ಬ್ರಷ್ಷಿನಲ್ಲಿ ಬರೆಯುತ್ತಿದ್ದರು. ಯಾರು ಸತ್ತರೂ ಒಂದೇ ಕಣ್ಣು, ಕ್ಯಾಲೆಂಡರ್ ದೇವರ ಕಣ್ಣು! ಕಂಪ್ಯೂಟರ್ ಬಂದಮೇಲೆ ತಮ್ಮನದೋ ಮಗನದೋ ಕಣ್ಣಿನ ಫೋಟೋ ತೆಗೆದು ಸತ್ತವರ ಮುಖಕ್ಕೆ ಕೂರಿಸುವುದು ಶುರುವಾಯಿತು. ಚಿಕ್ಕನಾಯಕನಹಳ್ಳಿಯಲ್ಲಿ ಆ ಕೆಲಸ ಮಾಡುತ್ತಿದ್ದವಳು ನಾನು. ನನ್ನ ಯಜಮಾನರು ಮದುವೆ ಸೀಸನ್ನಿನಲ್ಲಿ ವಿಡಿಯೋ ಕ್ಯಾಮೆರಾ ಹೊತ್ತುಕೊಂಡು ಊರೂರು ಸುತ್ತುತ್ತಿದ್ದರು. ಅಂಗಡಿ, ಕಂಪ್ಯೂಟರ್, ಪ್ರಿಂಟರ್, ಬಂದವರ ಜೊತೆ ಜಗಳ, ಎಲ್ಲ ನನ್ನದೇ.

ಅಂಗಡಿಯ ಬೆಂಚು ಮಾತ್ರ ಇಬ್ಬರು ಫೋಟೋ ಹುಚ್ಚರಿಗೆ ಮೀಸಲು. ಒಬ್ಬರು ದನದ ಡಾಕ್ಟರು, ಇನ್ನೊಬ್ಬರು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಮೇಷ್ಟರು. ಭಾನುವಾರ ಬಂದು ಕೂತರೆಂದರೆ ಮುಗಿಯಿತು. ಐವತ್ತರ ಲೆನ್ಸು ಮೇಲೋ ಜೂಮ್ ಮೇಲೋ, ಲೆನ್ಸಿಗೆ ಬೂಷ್ಟು ಹಿಡಿಯದಂತೆ ಅಕ್ಕಿ ಡಬ್ಬದಲ್ಲಿಡಬೇಕೋ ಬಲ್ಬು ಹಾಕಿದ ಬೀರುವಿನಲ್ಲಿಡಬೇಕೋ ಎಂದು ಮಧ್ಯಾಹ್ನದವರೆಗೂ ವಾದ. 'ಅಕ್ಕಿ ಡಬ್ಬದಲ್ಲಿಟ್ಟ ಲೆನ್ಸಲ್ಲಿ ತೆಗೆದ್ರೆ ಹಕ್ಕಿ ತಾನಾಗೇ ಹತ್ರ ಬತ್ತವೆ ಬಿಡಿ ಮೇಷ್ಟ್ರೇ' ಎಂದು ಡಾಕ್ಟರು ಕಿಚಾಯಿಸುವುದು, ಮೇಷ್ಟರು ಮೂತಿ ಊದಿಸಿಕೊಳ್ಳುವುದು. ಟೀ ತರಿಸಿ ತರಿಸಿ ನನಗೆ ಸಾಕಾಗುತ್ತಿತ್ತು.

ಆ ಬೇಸಿಗೆಯಲ್ಲಿ ಡಾಕ್ಟರು ವಾರದ ನಡುವೆ ಬಂದರು. ಜೊತೆಯಲ್ಲಿ ಒಬ್ಬ ಯುವಕ, ಹೆಗಲ ಮೇಲೆ ಕಂಬಳಿ, ತಲೆಗೆ ಎಣ್ಣೆಯಿಲ್ಲ. ಡಾಕ್ಟರು ಬೆಂಚಿನ ಮೇಲೆ ಕೂರಲಿಲ್ಲ. ಒಂದು ನೆಗೆಟಿವ್ ಮುಂದಿಟ್ಟರು.

'ನಮ್ಮ ಕುರಿಯವನು ಹೋಗ್ಬಿಟ್ಟ ಕಣಮ್ಮ' ಅಂದರು.

ಯಾರೆಂದು ಕೂಡಲೇ ತಿಳಿಯಿತು, ಬೆಂಚಿನ ಮಾತಿನಲ್ಲಿ ಎಷ್ಟೋ ಸಲ ಬಂದವನು. ಬೋರನಕಣಿವೆ ಹಿನ್ನೀರಿನ ಹತ್ತಿರದ ಹಟ್ಟಿಯವನು. ಡಾಕ್ಟರು ಕುರಿಗಳಿಗೆ ಚುಚ್ಚುಮದ್ದು ಹಾಕಲು ಹೋದಾಗ ಪರಿಚಯವಾದವನು. ಯಾವ ಹಕ್ಕಿ ಯಾವ ಹೊತ್ತಿಗೆ ಎಲ್ಲಿ ನೀರಿಗಿಳಿಯುತ್ತದೆಂದು ತೋರಿಸುತ್ತಿದ್ದವನು ಅವನೇ. ಕುರಿ ಮೇಯಿಸುವಾಗಲೇ ಎದೆ ಹಿಡಿದುಕೊಂಡು ಕೂತನಂತೆ, ಮತ್ತೆ ಏಳಲಿಲ್ಲ. ಮೀಸೆ ನರೆತಿದ್ದರೂ ಸಾಯುವ ವಯಸ್ಸೇನೂ ಆಗಿರಲಿಲ್ಲ.

'ಬೀರು ತುಂಬ ಫೋಟೋ ಇದಾವೆ. ಅವನು ತೋರಿಸಿದ ಹಕ್ಕಿ ಇದೆ, ಅವನ ಕುರಿ ಇದೆ, ಅವನ ನಾಯಿದೂ ಇದೆ. ಅವಂದು ಒಂದೂ ಇಲ್ಲ! ಫ್ರೇಮಲ್ಲಿ ಅಡ್ಡ ಬಂದ್ರೆ ಪಕ್ಕಕ್ಕೆ ಸರಿಯಪ್ಪ ಅಂತಿದ್ದೆ. ಸರೀತಿದ್ದ' ಅಂದರು ಡಾಕ್ಟರು. ಫೋಟೋ ಹುಚ್ಚಿನವರ ಹಣೆಬರಹವೇ ಇಷ್ಟು, ನನಗೆ ಬೈಯ್ಯಬೇಕೆನ್ನಿಸಿತು, ಬೈಯ್ಯಲಾಗಲಿಲ್ಲ.

ಕೊನೆಗೆ ಮಣ್ಣು ಮಾಡುವ ದಿನ ಡಾಕ್ಟರೇ ಹೋಗಿ ತೆಗೆದಿದ್ದರು. ತಿಪಟೂರಿನ ಲ್ಯಾಬಿನಲ್ಲಿ ತೊಳೆಸಿಕೊಂಡು ನೇರವಾಗಿ ನನ್ನ ಹತ್ತಿರ ಬಂದಿದ್ದರು. ಜೊತೆಗಿದ್ದವನು ಸತ್ತವನ ತಮ್ಮ.

'ನಮ್ಮ ಅತ್ಗೆ, ಅವ್ರ ತಂಗಿ ಬಾಣಂತನಕ್ಕೆ ಅಂತ ತುರುವೇಕೆರೆ ಕಡೆ ಹೋಗಿತ್ತು ಕಣಕ್ಕ' ಅಂದ ಅವನು. 'ಬರೋ ಹೊತ್ಗೆ ದೊಡ್ಡೋರು ಅಣ್ಣನ ಕಣ್ಣು ಮುಚ್ಬುಟ್ಟು, ತೊಳ್ದು ಕೂರಿಸ್ಬುಟ್ಟಿದ್ರು. ಒಂದ್ಸಲ ಕಣ್ಣು ಬುಟ್ಟಿದ್ದು ನೋಡ್ಬೇಕು ಅಂತ ಒಂದೇ ಸಮ ಹಠ ಮಾಡ್ತೈತೆ. ಕೂಳು ಮುಟ್ಟಿಲ್ಲ.'

ಹನ್ನೊಂದನೇ ದಿನದೊಳಗೆ ಆಗಬೇಕು, ಮುಖ ಅವನದೇ ಆಗಿರಬೇಕು. ಕೇಳಿದ್ದು ಇಷ್ಟೇ. ಆಗಲಿ ಅಂದೆ.

ನೆಗೆಟಿವನ್ನು ಸ್ಕ್ಯಾನರ್ ಮೇಲಿಟ್ಟು ಕಂಪ್ಯೂಟರಿಗೆ ಎಳೆದುಕೊಂಡೆ. ಕಂಬಳಿ ಮೇಲೆ ಕೂರಿಸಿದ್ದರು. ಬಿಳಿ ರುಮಾಲು, ಹಣೆಗೆ ಭಂಡಾರದ ಅರಿಶಿನ, ಎಡಗಡೆ ಬಾಗಿಲಿನ ಬೆಳಕು. ಫೋಟೋ ಚೆನ್ನಾಗಿತ್ತು, ಅದೇ ಬೇಜಾರು. ತಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಅಣ್ಣನ ತಲೆ ಎಷ್ಟು ವಾಲಿತ್ತೋ ಅಷ್ಟೇ ವಾಲಿಸಿ, ಎಡಕ್ಕೆ, ನನ್ನ ಬೆನ್ನ ಹಿಂದೆ ಫ್ಲ್ಯಾಷಿನ ಬಿಳಿ ಕೊಡೆ ನಿಲ್ಲಿಸಿದೆ. ಹೊಸದಾಗಿ ತಂದಿದ್ದ ಡಿಜಿಟಲ್ ಕ್ಯಾಮೆರಾದಲ್ಲಿ ಹೂವಿನ ಗುರುತಿರುವ ಗುಂಡಿ ಒತ್ತಿದರೆ ಗೇಣು ದೂರದಿಂದಲೂ ಫೋಕಸ್ ಆಗುತ್ತಿತ್ತು. ಅವನ ಮೂಗಿಗೆ ಲೆನ್ಸು ತಾಗುವಷ್ಟು ಹತ್ತಿರ ಹೋಗಿ ಎರಡು ಕಣ್ಣನ್ನೂ ತೆಗೆದುಕೊಂಡೆ.

ಕೂರಿಸುವ ಕೆಲಸ ಬೇಗ ಮುಗಿಯಿತು. ಅಣ್ಣತಮ್ಮಂದಿರ ಹುಬ್ಬು ಒಂದೇ ಅಚ್ಚು. ರೆಪ್ಪೆಯ ಅಂಚು ತಿದ್ದಿ, ತಮ್ಮನ ಕಣ್ಣಿನ ಬಿಳಿಯನ್ನು ಸ್ವಲ್ಪ ಹಳದಿ ಮಾಡಿ ನೋಡಿದೆ. ಪರದೆಯ ಮೇಲೆ ಅವನು ಎದ್ದು ಕೂತಂತಿತ್ತು. ಎಷ್ಟೋ ಜನಕ್ಕೆ ಕಣ್ಣು ಬಿಡಿಸಿದ್ದೇನೆ, ಹಾಗಾಗಿರಲಿಲ್ಲ. ಸಾಮಾನ್ಯವಾಗಿ ಇಟ್ಟ ಕಣ್ಣು ಎಲ್ಲೋ ನೋಡುತ್ತಿರುತ್ತದೆ. ಇವನು ನೇರವಾಗಿ ನನ್ನನ್ನೇ ನೋಡುತ್ತಿದ್ದ.

ದೊಡ್ಡ ಹಾಳೆ ಹಾಕಿ ಪ್ರಿಂಟ್ ಕೊಟ್ಟೆ. ಪ್ರಿಂಟರಿನ ಬಾಯಿಂದ ಮೊದಲು ರುಮಾಲು ಬಂತು, ಆಮೇಲೆ ಹಣೆ. ತಮ್ಮ ಬಗ್ಗಿ ನೋಡುತ್ತಾ ನಿಂತಿದ್ದ. ಕಣ್ಣು ಹೊರಗೆ ಬಂದದ್ದೇ ತಡ, 'ಅಯ್ಯಯ್ಯೋ!' ಎಂದು ಹಿಂದಕ್ಕೆ ಹಾರಿ ಬೆಂಚಿಗೆ ಡಿಕ್ಕಿ ಹೊಡೆದ.

ನಾನೂ ನೋಡಿದೆ. ಕಣ್ಣಿನ ಗುಡ್ಡೆಯ ಕಪ್ಪು ಗುಂಡಗಿರಲಿಲ್ಲ. ಮೇಲೂ ಕೆಳಗೂ ಕಂದು, ನಡುವೆ ಮಾತ್ರ ಅಡ್ಡಡ್ಡ ಒಂದು ಕಪ್ಪು ಪಟ್ಟಿ. ಎರಡು ಕಣ್ಣಿಗೂ ಹಾಗೇ.

'ಕುರಿ ಕಣ್ಣು ಕಣಕ್ಕ ಅದು! ಕುರಿ ಕಣ್ಣು!'

ನಿಜವಾಗಿಯೂ ಕುರಿಯ ಕಣ್ಣೇ. ಕುರಿ ಮೇಕೆ ಸಾಕಿದ ಯಾರನ್ನು ಬೇಕಾದರೂ ಕೇಳಿ, ಅವುಗಳ ಗುಡ್ಡೆಯಲ್ಲಿ ಕಪ್ಪು ಅಡ್ಡಕ್ಕೆ ಇರುತ್ತದೆ. ತಮ್ಮ ಗೋಡೆ ಹಿಡಿದು ನಿಂತ. 'ಅಣ್ಣ ಹೋದಾಗಿಂದ ಕುರಿ ಮೇಯಾಕೆ ಎಬ್ಬಿದ್ರೂ ಹೋಗ್ತಿಲ್ಲ. ಅಣ್ಣನ್ನ ಮಣ್ಣು ಮಾಡಿದ ಗುಂಡಿ ಕಡೆ ಮುಖ ಹಾಕ್ಕೊಂಡು ಸುಮ್ನೆ ನಿಂತ್ಕತವೆ. ಯಾಕೆ ಅಂತ ನಮ್ಗೆ ಗೊತ್ತಾಗಿಲ್ಲ' ಅಂದ. ಇನ್ನು ತನ್ನ ಕಣ್ಣು ಕೊಡುವುದಿಲ್ಲ ಎಂದು ಕಂಬಳಿ ಬಾಚಿಕೊಂಡು ಹೊರಟೇಹೋದ. ಡಾಕ್ಟರು ಅವನ ಹಿಂದೆಯೇ ಓಡಿದರು.

ಅಂಗಡಿಯಲ್ಲಿ ನಾನೊಬ್ಬಳೇ, ಎದುರಿಗೆ ಆ ಹಾಳೆ. ಮಟಮಟ ಮಧ್ಯಾಹ್ನ. ಕರೆಂಟು ಹೋಗಿ ಯುಪಿಎಸ್ ಕುಯ್ಯೋ ಎಂದು ಕೂಗತೊಡಗಿದಾಗ ಕಿರುಚಿಯೇಬಿಟ್ಟೆ. ಹಾಳೆಯನ್ನು ಬೋರಲು ಹಾಕಿ, ಮೇಲೆ ಪಂಚಿಂಗ್ ಮಿಷನ್ ಇಟ್ಟು, ಬಾಗಿಲಿಗೆ ಬಂದು ನಿಂತೆ.

ಸಂಜೆ ಮೇಷ್ಟರು ಬಂದರು. ಅವರು ದೆವ್ವ ನಂಬದವರು, ನನ್ನನ್ನೂ ನಂಬಲಿಲ್ಲ. ಹಾಳೆಯನ್ನು ಬೆಳಕಿಗೆ ತಿರುಗಿಸಿ ಎರಡು ಸಲ ನೋಡಿದರು. ಆಮೇಲೆ, 'ಕಪ್ಪು ಇಂಕು ಕೈ ಕೊಟ್ಟಿದೆ ನೋಡಿ' ಅಂದರು.

'ಪ್ರಿಂಟರಿನ ಹೆಡ್ ಕ್ಲೀನಿಂಗ್ ಮಾಡಿದ್ದೆ ಮೇಷ್ಟ್ರೇ. ಪರೀಕ್ಷೆ ಗೆರೆ ಎಲ್ಲ ಸರಿಯಾಗಿ ಬಂದ್ವು.'

'ಶುರುವಿಗೆ ಬರುತ್ತೆ. ಪ್ರಿಂಟ್ ಮುಂದುವರಿದ ಹಾಗೆ ಇಂಕು ಇಳಿಯಲ್ಲ. ಬೇರೆ ಬಣ್ಣಗಳು ಸೇರಿ ಕಂದು ಮಾಡ್ಕೊಂಡಿವೆ. ನಡುವೆ ಒಂದ್ಸಲ ಮಾತ್ರ ಕಪ್ಪು ಇಳಿದಿದೆ, ಅದೇ ಆ ಪಟ್ಟಿ. ಈ ಫೋಟೋದಲ್ಲಿ ಅಚ್ಚ ಕಪ್ಪು ಅಂತ ಇರೋದು ಎಲ್ಲಿ ಹೇಳಿ? ರುಮಾಲು ಬಿಳಿ, ಮೀಸೆ ನರೆತಿದೆ. ಕಣ್ಣಿನ ಗುಡ್ಡೆ ಬಿಟ್ರೆ ಇನ್ನೆಲ್ಲಿದೆ?'

ಆ ಮಾತು ಕೇಳಿ ಸಮಾಧಾನವಾಯಿತೇ ಎಂದರೆ, ಇಲ್ಲ. ಕಪ್ಪು ಅಷ್ಟು ಹುಡುಕಿ ಹುಡುಕಿ ಕಣ್ಣಿನಲ್ಲೇ ಕೈ ಕೊಡಬೇಕೇ?

ಕಪ್ಪು ಇಂಕಿನ ಕಾರ್ಟ್ರಿಜ್ ಹೊರತೆಗೆದೆವು. ನಾನೇ ಸಿರಿಂಜಿನಲ್ಲಿ ಇಂಕು ತುಂಬಿದ್ದು. ತುಂಬಿದ ತೂತು ಮುಚ್ಚಲು ಮೇಲೆ ಟೇಪು ಅಂಟಿಸಿದ್ದೆ. ಮೇಷ್ಟರು ಅದನ್ನು ಬೆಳಕಿಗೆ ಹಿಡಿದು ನಕ್ಕರು. ಟೇಪು ಪಕ್ಕದ ಗಾಳಿ ತೂತನ್ನೂ ಮುಚ್ಚಿಕೊಂಡಿತ್ತು. ಎಳನೀರಿಗೆ ಸಣ್ಣದೊಂದೇ ತೂತು ಮಾಡಿ ಬೋರಲು ಹಿಡಿದರೆ ನೀರು ಸಲೀಸಾಗಿ ಬರುವುದಿಲ್ಲವಲ್ಲ, ಹಾಗೆ. ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದು ಇಷ್ಟು ತಿಳಿಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡೆ. ಸೂಜಿಯಿಂದ ತೂತು ಬಿಡಿಸಿದೆವು. ಪಕ್ಕದ ನಾರಿನ ಫ್ಯಾಕ್ಟರಿಯ ಧೂಳು ಹೆಡ್ಡಿನ ಕೆಳಗೆ ಮೆತ್ತಿಕೊಂಡಿತ್ತು, ಬಿಸಿನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿದೆವು. ಮತ್ತೆ ಪ್ರಿಂಟ್ ಕೊಟ್ಟಾಗ ಗುಡ್ಡೆ ಗುಂಡಗೆ, ಕಪ್ಪಗೆ ಬಂತು.

ಒಣಗಲೆಂದು ಗೋಡೆಗೆ ಕ್ಲಿಪ್ಪು ಹಾಕಿದೆ. ಮರುದಿನ ಪಾಸ್‌ಪೋರ್ಟ್ ಫೋಟೋಗೆ ಬಂದ ಯಜಮಾನರೊಬ್ಬರು ಸ್ಟೂಲಿನ ಮೇಲೆ ನೆಟ್ಟಗೆ ಕೂರಲೇ ಇಲ್ಲ. 'ಆವಯ್ಯನ್ನ ಆ ಕಡೆ ತಿರುಗಿಸಮ್ಮ. ಒಳಗೆ ಬಂದಾಗಿಂದ ನನ್ನೇ ನೋಡ್ತವ್ನೆ' ಅಂದರು. ತಿರುಗಿಸಿದೆ. ಡಾಕ್ಟರು ಬಂದು ಸುರುಳಿ ಸುತ್ತಿ ಹಟ್ಟಿಗೆ ತೆಗೆದುಕೊಂಡು ಹೋದಾಗ, ಪೀಡೆ ತೊಲಗಿತು ಅಂದುಕೊಂಡೆ. ಹಾಗೆನ್ನಬಾರದು, ಆದರೂ ಅಂದುಕೊಂಡದ್ದು ಹೌದು.

ಸುರುಳಿ ವಾಪಸ್ಸು ಬಂತು. ಡಾಕ್ಟರು ಅದನ್ನು ಮೇಜಿನ ಮೇಲಿಟ್ಟರು.

'ಅವನ ಹೆಂಡ್ತಿ ಬೇಡ ಅಂತಾಳಮ್ಮ. ಕಣ್ಣೊಳಗೆ ಯಾರೋ ಹೆಂಗಸು ನಿಂತವ್ಳೆ ಅಂತಾಳೆ.'

'ಏನಂದ್ರಿ?'

'ಬಿಳಿ ಬಟ್ಟೆ ಹಿಡ್ಕೊಂಡು ನಿಂತವ್ಳಂತೆ. ಹಾಳೆ ಮೂಗಿಗೆ ಹಿಡ್ಕೊಂಡು ನೋಡ್ತಾನೇ ಇದ್ಲು. ಆಮೇಲೆ ಒಂದೇ ಮಾತು ಕೇಳಿದ್ಲು. ನಾನು ಊರಲ್ಲಿರಲಿಲ್ಲ, ಸಾಯೋವಾಗ ಇವ್ನು ನೋಡ್ತಿದ್ದಿದ್ದು ಯಾರನ್ನ, ಅಂತ.'

ಮೇಷ್ಟರನ್ನೂ ಕರೆಸಿ, ಭೂತಗನ್ನಡಿ ತಂದು ಮೇಜಿನ ಮೇಲೆ ಹಾಳೆ ಹರಡಿದೆವು. ಕಣ್ಣಿನ ಕಪ್ಪಿನ ಮೇಲೆ ಬೆಳಕಿನ ಚುಕ್ಕಿ ಇರುತ್ತದಲ್ಲ, ಕಣ್ಣಿಗೆ ಜೀವ ಕೊಡುವುದೇ ಅದು. ಅದರೊಳಗೆ ಬೆಳ್ಳಗೆ ಅಗಲವಾದ ಬಟ್ಟೆಯಂಥದ್ದು. ಅದರ ಮುಂದೆ ತಲೆ, ಹೆಗಲು, ಹೆಗಲಿನಿಂದ ಇಳಿಬಿದ್ದ ಸೆರಗು. ಬಲಗಣ್ಣು ನೋಡಿದೆ. ಅಲ್ಲಿಯೂ ನಿಂತಿದ್ದಳು.

ಮೇಷ್ಟರು ಕನ್ನಡಿ ಇಸಿದುಕೊಂಡು ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಹಾಳೆ ನೋಡಿದರು.

'ಇದು ನೀವೇ ಕಣಮ್ಮ' ಅಂದರು.

ಬಿಳಿ ಬಟ್ಟೆ ನನ್ನ ಫ್ಲ್ಯಾಷಿನ ಕೊಡೆ. ಗೇಣು ದೂರದಿಂದ ತೆಗೆದಿದ್ದೆನಲ್ಲ, ತಮ್ಮನ ಕಣ್ಣಿನ ಕನ್ನಡಿಯಲ್ಲಿ ನಾನೇ ದೊಡ್ಡದಾಗಿ ಬಿದ್ದಿದ್ದೆ. ಆ ಕಣ್ಣನ್ನು ಎತ್ತಿ ಅಣ್ಣನಿಗೆ ಇಟ್ಟಾಗ ನನ್ನನ್ನೂ ಜೊತೆಗೇ ಇಟ್ಟಿದ್ದೆ. ಎಂದೂ ಎದುರಿಗೆ ಕಂಡಿರದ ಗಂಡಸಿನ ಕಣ್ಣಲ್ಲಿ, ಅವನು ಮಣ್ಣಿಗೆ ಹೋದಮೇಲೆ, ನಾನು ಹೋಗಿ ನಿಂತಿದ್ದೆ. ಆ ಹೆಂಗಸು ಅಷ್ಟು ದೂರದಲ್ಲಿ ಕೂತು ನನ್ನನ್ನು ಕಂಡುಹಿಡಿದಿದ್ದಳು. ನೆನೆಸಿಕೊಂಡರೆ ಇವತ್ತಿಗೂ ಒಂಥರಾ ಆಗುತ್ತದೆ.

ಆಮೇಲೆ ಶುರುವಾಯಿತು ಇಬ್ಬರ ವಾದ. ಮೇಷ್ಟರು, 'ಚುಕ್ಕಿನೇ ಅಳಿಸಿಬಿಡಿ' ಅಂದರು. ಅಳಿಸಿ ನೋಡಿದೆ. ಚುಕ್ಕಿ ಹೋದಕೂಡಲೇ ಕಣ್ಣು ಸತ್ತುಹೋಯಿತು, ಕಣ್ಣು ಬಿಟ್ಟ ಹೆಣ. ಥೂ, ಮುಚ್ಚಿದ್ದೇ ವಾಸಿ. ಬಿಳಿ ಚುಕ್ಕಿ ನಾನೇ ಬರೆದೆ. ಗೊಂಬೆಯ ಕಣ್ಣಾಯಿತು. ಡಾಕ್ಟರು ಹೇಳಿದರು, 'ನನ್ನ ಮುನ್ನೂರರ ಲೆನ್ಸಿಗೆ ಹಿಂದುಗಡೆ, ಚಿಕ್ಕದನ್ನ ದೊಡ್ಡದು ಮಾಡೋ ಬಳೆ ಹಾಕಿ ದೂರದಿಂದ ತೆಗೀತೀನಿ. ದೂರ ಹೋದಷ್ಟೂ ತೆಗೆಯೋರ ನೆರಳು ಚಿಕ್ಕದಾಗುತ್ತೆ. ಮೇಲೆ ಕರಿ ಬಟ್ಟೆ ಹೊದ್ದುಕೊಂಡ್ರೆ ಕಾಣೋದೇ ಇಲ್ಲ.'

'ಹಂಗಾದ್ರೆ ಕಣ್ಣಲ್ಲಿ ಯಾರೂ ಇರಲ್ಲ' ಅಂದರು ಮೇಷ್ಟರು, ಗೆದ್ದವರ ಹಾಗೆ.

ಯಾರೂ ಇಲ್ಲದ ಕಣ್ಣನ್ನು ಒಯ್ದು ಅವಳಿಗೆ ಕೊಡುವುದೇ? ಅವಳು ಕೇಳಿದ್ದು ಅದಲ್ಲವಲ್ಲ. ಯಾರನ್ನು ನೋಡುತ್ತಿದ್ದ ಎಂದು ಕೇಳಿದ್ದಾಳೆ.

'ಆ ಕಣ್ಣಲ್ಲಿ ಅವಳನ್ನೇ ನಿಲ್ಲಿಸೋಣ' ಅಂದೆ.

ವಾದ ಅಲ್ಲಿಗೇ ಮುಗಿಯಿತು.

ಸೂತಕದಲ್ಲಿ ಅವಳು ಹೊರಗೆ ಬರುವ ಹಾಗಿರಲಿಲ್ಲ, ನಾವೇ ಹೋಗಬೇಕು. ಡಾಕ್ಟರ ಜೀಪಿನಲ್ಲಿ ಲೆನ್ಸು, ಸ್ಟ್ಯಾಂಡು, ಕರಿ ಬಟ್ಟೆ ಹಾಕಿಕೊಂಡು ಶೆಟ್ಟಿಕೆರೆ ದಾಟಿ ಹುಳಿಯಾರಿನ ಕಡೆ ಹೊರಟೆವು. ತೆಂಗಿನ ತೋಟಗಳು ಮುಗಿದು ಬೋಳು ಹೊಲ ಶುರುವಾದ ಮೇಲೆ ಹಟ್ಟಿ. ಜೀಪು ನಿಂತಾಗ ಮೊದಲು ಕಂಡದ್ದು ಕುರಿಗಳು. ಬೇಲಿಯಾಚೆ ಹಿಂಡು ಹಿಂಡೇ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿತ್ತು. ಮೇಯುತ್ತಿರಲಿಲ್ಲ, ಅರಚುತ್ತಿರಲಿಲ್ಲ. ತಮ್ಮ ಹೇಳಿದ್ದು ಸುಳ್ಳಲ್ಲ. ಡಾಕ್ಟರನ್ನು ನೋಡಿದೆ. ಕುರಿಗಳ ಡಾಕ್ಟರೇ ಆ ಕಡೆ ನೋಡಲಾರದೆ ತಲೆ ತಗ್ಗಿಸಿಕೊಂಡು ಸ್ಟ್ಯಾಂಡು ಇಳಿಸುತ್ತಿದ್ದರು.

ಅವಳು ಬಾಗಿಲ ಒಳಗೆ ಮೂಲೆಯಲ್ಲಿ ಕೂತಿದ್ದಳು. ನನಗಿಂತ ಚಿಕ್ಕವಳು. ನಾನು ಹತ್ತಿರ ಹೋಗಿ ಕೂತಾಗ ನನ್ನ ತಲೆ, ಹೆಗಲು, ಸೆರಗು ಎಲ್ಲ ಒಂದು ಸಾರಿ ಅಳೆದಳು.

'ನೀನೇನಾ?' ಅಂದಳು.

'ಹೂಂ ಕಣವ್ವ, ನಾನೇ. ತೆಗೆಯೋಳು ಎದುರಿಗೆ ನಿಂತಿದ್ದಕ್ಕೆ ಹಂಗಾಗಿದ್ದು. ಆ ಜಾಗ ನಿಂದು. ಬಂದು ನಿಂತ್ಕೊ' ಅಂದೆ.

ತಮ್ಮ ಮಾತ್ರ ಒಪ್ಪಲಿಲ್ಲ. ಬೇಲಿ ಹತ್ತಿರ ಹೋಗಿ ನಿಂತುಬಿಟ್ಟ. 'ನನ್ ಕಣ್ಣಲ್ಲಿ ಅವ್ನು ನೋಡೋದು ಅಂದ್ರೆ ಏನಕ್ಕ? ಆಮೇಲೆ ನಾನು ಯಾವ ಕಣ್ಣಲ್ಲಿ ನೋಡ್ಲಿ?' ಎಂದು ನನ್ನನ್ನೇ ಕೇಳಿದ. ಆಗ ಅವಳೇ ಎದ್ದು ಹೊಸಿಲ ತನಕ ಬಂದಳು.

'ಒಂದ್ಗಳಿಗೆ ಕೊಡು ಕಣಪ್ಪ. ವಾಪಸ್ಸು ಕೊಟ್ಬುಡ್ತೀನಿ' ಅಂದಳು.

ಅವನು ಬಂದು ಕೂತ. ಅಣ್ಣನನ್ನು ಕೂರಿಸಿದ್ದ ಜಾಗದಲ್ಲೇ, ಅದೇ ಗೋಡೆಗೆ. ಎಡಕ್ಕೆ ಬಾಗಿಲಿನ ಬೆಳಕು. ಡಾಕ್ಟರು ಹೊರಗೆ ಅಂಗಳದಲ್ಲಿ ಸ್ಟ್ಯಾಂಡು ಹಾಕಿ, ಬಳೆ ಹಾಕಿದ ಉದ್ದನೆಯ ಲೆನ್ಸು ಒಳಗೆ ತೂರುವಂತೆ ನಿಲ್ಲಿಸಿ, ಕರಿ ಬಟ್ಟೆಯೊಳಗೆ ಹೊಕ್ಕರು. ಅವಳನ್ನು ಲೆನ್ಸಿಗಿಂತ ಮುಂದೆ, ಅದರ ಪಕ್ಕಕ್ಕೆ, ಬಾಗಿಲಿನ ಬೆಳಕು ಹಿಂದೆ ಬೀಳುವಂತೆ ನಿಲ್ಲಿಸಿದೆ. ಅವಳು ಕಪ್ಪಗೆ, ಆಕಾಶ ಬೆಳ್ಳಗೆ. ತಮ್ಮನಿಗೆ, 'ಕ್ಯಾಮೆರಾ ನೋಡ್ಬೇಡ, ಅತ್ಗೇನ ನೋಡು' ಅಂದೆ.

ನೋಡಿದ. ಅವಳೂ ನೋಡಿದಳು. ಅವನ ಕಣ್ಣು ತುಂಬಿ ಬಂತು. ಕಣ್ಣೀರು ಬಂದರೆ ಕೆಳರೆಪ್ಪೆಯುದ್ದಕ್ಕೂ ಇನ್ನೊಂದು ಬೆಳಕಿನ ಗೆರೆ ಬೀಳುತ್ತದೆ, ಒರೆಸಿದರೆ ಕೆಂಪಾಗುತ್ತದೆ. 'ಒರೆಸ್ಕೋಬೇಡ ಕಣಪ್ಪಾ, ತಾನಾಗೇ ಇಂಗ್ಲಿ' ಅಂದೆ. ಕಾದೆವು. ಅವಳು ಅಲ್ಲಾಡಲಿಲ್ಲ. ನೀರು ಇಂಗಿ ಅವನ ನೋಟ ನಿಂತಾಗ, ಅಲ್ಲಿ ಕೂತಿರುವುದು ತಮ್ಮನೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಬಟ್ಟೆಯೊಳಗಿಂದ ಶಟರ್ ಸದ್ದು ಬಂತು. ಆ ಸದ್ದಿಗೆ ಹೊರಗೆ ಕುರಿಗಳು ಒಟ್ಟಿಗೇ ಅರಚಿದವು. ತಮ್ಮ ಎದ್ದು ಓಡಿದ.

ತಿಪಟೂರಿನಲ್ಲಿ ಫಿಲ್ಮು ತೊಳೆಸಿ, ಸ್ಕ್ಯಾನ್ ಮಾಡಿ, ಕಣ್ಣು ಬದಲಿಸಿದೆ. ಭೂತಗನ್ನಡಿಯಲ್ಲಿ ನೋಡಿದರೆ ಬೆಳಕಿನ ಚುಕ್ಕಿಯ ನಡುವೆ ನೆಟ್ಟಗೆ ನಿಂತಿದ್ದವಳು ಅವಳೊಬ್ಬಳೇ. ಕಾರ್ಯದ ಹಿಂದಿನ ದಿನ ಬೆಳಿಗ್ಗೆ ಪ್ರಿಂಟು ತೆಗೆದು, ಒಣಗುವಷ್ಟು ಹೊತ್ತು ಇಲ್ಲದೆ, ಹಾಳೆಯನ್ನು ತಟ್ಟೆಯಂತೆ ಕೈಯಲ್ಲಿ ಹಿಡಿದುಕೊಂಡೇ ಜೀಪಿನಲ್ಲಿ ಕೂತೆ. ನಾವು ತುಂಬುವ ಇಂಕು ಅಗ್ಗದ್ದು, ನೀರು ಸೋಕಿದರೆ ಕದಡುತ್ತದೆ. ದಾರಿಯುದ್ದಕ್ಕೂ ಅವನು ನನ್ನ ತೊಡೆಯ ಮೇಲೆ ಮಲಗಿ ಮೇಲಕ್ಕೆ ನೋಡುತ್ತಿದ್ದ. ಈ ಸಾರಿ ನನ್ನನ್ನಲ್ಲ.

ಅವಳು ಹಾಳೆಯನ್ನು ನೆಲದ ಮೇಲೆ ಇಡಿಸಿಕೊಂಡು ಬಗ್ಗಿ ಕೂತಳು. ಡಾಕ್ಟರು ಕೊಟ್ಟ ಭೂತಗನ್ನಡಿ ಹಿಡಿದು ಒಂದು ಕಣ್ಣು ನೋಡಿದಳು, ಇನ್ನೊಂದು ಕಣ್ಣು ನೋಡಿದಳು. ತನ್ನ ಸೆರಗು ಮುಟ್ಟಿ ನೋಡಿಕೊಂಡಳು.

'ನಾನೇಯ' ಅಂದಳು. 'ನನ್ನ ನೋಡವ್ನೆ.'

ಅಳು ಆಗ ಬಂತು. ಅಲ್ಲಿಯವರೆಗೂ ಅತ್ತಿರಲಿಲ್ಲವಂತೆ. ಮುಖ ಮುಚ್ಚಿಕೊಂಡು ಅತ್ತಳು, ಅಂಗೈಯೆಲ್ಲ ಒದ್ದೆ. ಆಮೇಲೆ ಆ ಒದ್ದೆ ಕೈಯನ್ನು ಫೋಟೋದ ಹಣೆಯ ಮೇಲಿಟ್ಟು, ಮೆಲ್ಲಗೆ ಕೆಳಕ್ಕೆ ಸವರಿದಳು. ಪ್ರಿಂಟು ಯಾರಾದರೂ ಮುಟ್ಟಿದರೆ ಹೌಹಾರಿ ಕೂಗುವವಳು ನಾನು. ಕೈ ಮುಂದೆ ಚಾಚಿದೆ, ತಡೆಯಲಿಲ್ಲ.

ಕೈ ತೆಗೆದಾಗ ಹಾಳೆಯ ಮೇಲೆ ಕಣ್ಣಿರಲಿಲ್ಲ. ರೆಪ್ಪೆ ಇಳಿದಂತೆ ಕಪ್ಪು ಕಂದು ಎಲ್ಲ ಕದಡಿ ಕೆಳಗೆ ಹರಡಿತ್ತು.

'ಇನ್ನೊಂದು ತೆಗೆದುಕೊಡ್ತೀನಿ ಕಣವ್ವ, ನಾಳೆ ಬೆಳಿಗ್ಗೆಗೆ ತಲುಪಿಸ್ತೀನಿ' ಅಂದೆ ಗಾಬರಿಯಲ್ಲಿ.

ಅವಳು ಅಂಗೈ ನೋಡಿಕೊಂಡಳು. ಕಪ್ಪಾಗಿತ್ತು. ಒರೆಸಿಕೊಳ್ಳಲಿಲ್ಲ.

'ಬ್ಯಾಡ ಕಣಕ್ಕ. ಅವತ್ತು ಯಾರ್ಯಾರೋ ಮುಚ್ಚಿದ್ರು. ಈಗ ನಾನು ಮುಚ್ದೆ. ಅವ್ನು ಮಲಿಕ್ಕೊಳ್ಲಿ ಬುಡು' ಅಂದಳು.